ದಾರಿಯಲ್ಲಿ ಸಿಗುವ ಕವಾಟಕ್ಕೆ ಪೆಟ್ಟಾಗದ ಹಾಗೆ

ಮಗಳೇ, ಎಳೆಕೂಸುಗಳ ಕ್ಯಾಥ್‌ಲ್ಯಾಬ್ ಸೇರಿದೆಯಂತೆ, ನಿಮ್ಮಪ್ಪ ಹೇಳಿದ. ರಿಟೈರಾಗಿ ಕ್ಯಾತನಹಳ್ಳಿ ಜಗಲಿ ಹಿಡಿದಿರುವ ದೊಡ್ಡಪ್ಪನ ನಾಲ್ಕು ಮಾತು ಕೇಳು.

• ಹುಟ್ಟಿದ ಮೇಲೂ ಮುಚ್ಚದೆ ಉಳಿದ ಹೃದಯದ ಪಕ್ಕದ ನಾಳ, ಅಂದರೆ ಪಿಡಿಎ, ಮುಚ್ಚಲೇಬೇಕಾ ಅಂತ ಮೊದಲು ಯೋಚನೆ ಮಾಡು. ತಿಂಗಳು ತುಂಬದೆ ಹುಟ್ಟಿದ ಎಷ್ಟೋ ಕೂಸುಗಳಲ್ಲಿ ಅದು ತಡವಾಗಿಯಾದರೂ ತಾನೇ ಮುಚ್ಚಿಕೊಳ್ಳುತ್ತದೆ. ದೊಡ್ಡ ನಾಳ ಕಂಡೊಡನೆ ಅದನ್ನು ಮುಚ್ಚಿಸಲು ಐಬುಪ್ರೊಫೆನ್ ಕೊಟ್ಟರೂ ಸಾವಾಗಲಿ ಶ್ವಾಸಕೋಶದ ಕಾಯಿಲೆಯಾಗಲಿ ತಗ್ಗಲಿಲ್ಲವೆಂದು 2024ರಲ್ಲಿ ಬ್ರಿಟನ್ನಿನ ಬೇಬಿ-ಆಸ್ಕರ್ ಅಧ್ಯಯನ ತೋರಿಸಿತು. ಬೇಡದ ಪ್ರೊಸೀಜರ್ ಕೈಬಿಟ್ಟರೆ ಕವಾಟಕ್ಕೆ ಅಪಾಯವೇ ಇಲ್ಲವಲ್ಲ.

• ಈ ನಾಳ ಮುಚ್ಚುವ ಪಿಕೊಲೊ ಡಿವೈಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ, 700 ಗ್ರಾಂ ಕೂಸಿಗೂ ಆಗುತ್ತದೆಂದು. ಅಷ್ಟು ಸಣ್ಣ ಕೂಸಿನ ತೊಡೆಯ ಧಮನಿ ಮುಟ್ಟಬೇಡ, ರಕ್ತ ಹೆಪ್ಪುಗಟ್ಟಿದರೆ ಕಾಲಿಗೇ ಆಪತ್ತು. ಸಿರೆಯಿಂದಲೇ ಹೋಗು. ಆದರೆ ಆ ದಾರಿಯಲ್ಲಿ ಹೃದಯದ ಬಲಭಾಗದ ಟ್ರೈಕಸ್ಪಿಡ್ ಕವಾಟ ದಾಟದೆ ವಿಧಿಯಿಲ್ಲ.

• ಕವಾಟದ ದಳಗಳನ್ನು ಹಿಡಿದಿರುವ ಎಳೆಗಳ ಸಂದಿಯಲ್ಲಿ ನುಸುಳಿದರೆ ಕೆಟ್ಟೆ. ಕಬ್ಬಿನ ಗದ್ದೆಯಲ್ಲಿ ಸಾಲು ಬಿಟ್ಟು ನುಗ್ಗಿದ ಹಾಗೆ ಅದು; ಹೋಗುವಾಗ ಗೊತ್ತಾಗದು, ಹೊರೆ ಹೊತ್ತು ಬರುವಾಗ ಜಲ್ಲೆ ಮುರಿಯುತ್ತದೆ. ತುದಿಯಲ್ಲಿ ಬಲೂನಿರುವ ಕ್ಯಾಥೆಟರ್ ತಗೊಂಡು, ಬಲ ಹೃತ್ಕರ್ಣದಲ್ಲೇ ಉಬ್ಬಿಸಿ ದಾಟಿಸು. ಉಬ್ಬಿದ ಬಲೂನು ಎಳೆಗಳ ಸಂದಿಗೆ ಹಿಡಿಸುವುದಿಲ್ಲ, ನಡುಬಾಯಲ್ಲೇ ಸಾಗುತ್ತದೆ. ಅದಕ್ಕೂ ಜಾಗವಿಲ್ಲದಷ್ಟು ಸಣ್ಣ ಕೂಸಾದರೆ 0.014 ಇಂಚಿನ ಮೆದು ಕೊರೊನರಿ ವೈರಿನ ತುದಿ ಮಡಚಿ ಲೂಪ್ ಮಾಡಿಕೊಂಡು ಹೋಗು. ಗಡುಸು ವೈರ್ ಟ್ರಾಲಿ ಮೇಲೇ ಇರಲಿ.

• ಎಕೋ ಮಾಡುವವರು ಪಕ್ಕದಲ್ಲೇ ನಿಂತಿರಲಿ. ಮೊದಲೇ ಕವಾಟದ ಸೋರಿಕೆ ಎಷ್ಟಿತ್ತು ಅಂತ ಬರೆಸಿಡು. ವೈರ್ ದಾಟಿದ ಮೇಲೊಮ್ಮೆ, ಡಿವೈಸ್ ಬಿಡುವ ಮುಂಚೆ ಇನ್ನೊಮ್ಮೆ ನೋಡಿಸು. ಕ್ಯಾಥೆಟರ್ ದಳವನ್ನು ಒತ್ತಿ ಹಿಡಿದಿದ್ದರೂ ಸೋರಿಕೆ ಹೆಚ್ಚು ಕಾಣುತ್ತದೆ, ಗಾಬರಿಯಾಗಬೇಡ. ಆದರೆ ಕ್ಯಾಥೆಟರ್ ತಡೆದರೆ ಮಾತ್ರ ತಳ್ಳಬೇಡ ಕಣವ್ವ. ವೈರ್ ಸಮೇತ ಹಿಂದೆ ಬಂದು ಹೊಸದಾಗಿ ದಾಟು. ಹತ್ತು ನಿಮಿಷ ಹೋದರೆ ಹೋಗಲಿ. ಸೀನಿಯರ್ ಗಡಿಯಾರ ನೋಡಿದರೆ ನೋಡಲಿ.

• ಡಿವೈಸ್ ಅಳತೆ ಕೂರದೆ ವಾಪಸ್ ತೆಗೆಯಬೇಕಾದರೆ, ಕವಾಟದ ಆಚೆಯೇ ಪೂರ್ತಿ ಕ್ಯಾಥೆಟರ್ ಒಳಗೆ ಎಳೆದುಕೊ. ಜಾರಿ ಶ್ವಾಸಕೋಶದ ಧಮನಿಗೆ ಹೋಗಿದ್ದರೂ ಅಷ್ಟೇ. ಶೀತ್ ಅಲ್ಲಿಯವರೆಗೆ ಹೋಗಲಿ, ಸ್ನೇರ್‌ನಲ್ಲಿ ಹಿಡಿದು ಅದರೊಳಗೆ ಸೇರಿಸಿದ ಮೇಲೆ ಹಿಂದೆ ಬಾ. ಬಿಚ್ಚಿಕೊಂಡ ಡಿವೈಸನ್ನು ಎಳೆಗಳ ನಡುವೆ ಎಳೆದರೆ ಅವು ಕಿತ್ತೇ ಬರುತ್ತವೆ.

• ಕೂಸು ತಣ್ಣಗಾಗದಂತೆ ನೋಡಿಕೊ. ಕಾಂಟ್ರಾಸ್ಟ್ ಹನಿ ಲೆಕ್ಕದಲ್ಲಿರಲಿ.

• ನಮ್ಮ ಪಾಂಡವಪುರದ ಕಡೆಯ ತಾಯಂದಿರು ಮಗು ಎತ್ತಿಕೊಂಡು ಚೆಲುವಾಂಬ, ಜಯದೇವ ಆಸ್ಪತ್ರೆ ಅಂತ ಮೈಸೂರಿಗೋ, ಮಿಮ್ಸ್‌ಗೆ ಅಂತ ಮಂಡ್ಯಕ್ಕೋ ಬಸ್ಸಲ್ಲಿ ಓಡಾಡುವವರು. ಟ್ರೈಕಸ್ಪಿಡ್ ಸೋರಿಕೆಗೆ ‘ಟಿಆರ್’ ಅಂತ ಗೀಚಿ ಕಳಿಸಿದರೆ ಅವರಿಗೇನು ತಿಳಿದೀತು? ಯಾವ ಕವಾಟ ಸೋರುತ್ತಿದೆ, ಮುಂದಿನ ಎಕೋ ಯಾವ ತಾರೀಕು ಅಂತ ಕನ್ನಡದಲ್ಲಿ ಬರೆದುಕೊಡು. ಚೀಟಿಯನ್ನು ಆಶಾ ಕಾರ್ಯಕರ್ತೆಗೂ ತೋರಿಸಲು ಹೇಳು.