ಮಧುಮೇಹವುಳ್ಳ ಕಿಶೋರರೂ ಶಕ್ತಿತಸ್ತಪವೂ

ಷೋಡಶಕಾರಣ ಭಾವನೆಗಳನ್ನು ಎಣಿಸುವಾಗ ಆಚಾರ್ಯರು ತಪವನ್ನು ಬರಿದೆ ತಪವೆಂದು ಹೇಳಿಲ್ಲ, ಶಕ್ತಿತಸ್ತಪ ಎಂದಿರುವರು. ತ್ಯಾಗಕ್ಕೂ ಅದೇ ವಿಶೇಷಣವನ್ನು ಜೋಡಿಸಿರುವರು. ಇರುವ ಶಕ್ತಿಯನ್ನು ಬಚ್ಚಿಡಬಾರದು, ಇಲ್ಲದ ಶಕ್ತಿಯನ್ನು ಇದೆಯೆಂದು ಭಾವಿಸಿ ಹೊರಡಲೂಬಾರದು ಎಂಬ ಎರಡು ಅರ್ಥಗಳೂ ಈ ಒಂದೇ ಮಾತಿನಲ್ಲಿ ಅಡಗಿವೆ. ಮೊದಲನೆಯ ಅರ್ಥವು ಪರ್ವದಿನಗಳ ಪ್ರವಚನಗಳಲ್ಲಿ ಮೇಲಿಂದ ಮೇಲೆ ಕೇಳಿಬರುವುದು. ಎರಡನೆಯದು ಕಿವಿಗೆ ಬೀಳುವುದು ವಿರಳ. ಆದರೆ ಮನೆಯಲ್ಲಿ ಮಧುಮೇಹವುಳ್ಳ ಹದಿಹರೆಯದ ಮಗನೋ ಮಗಳೋ ಇರುವ ಶ್ರಾವಕರಿಗೆ ಈ ಎರಡನೆಯ ಅರ್ಥವೇ ಮುಖ್ಯವಾದುದು.

ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕಡೆಯ ಒಂದು ಶ್ರಾವಕರ ಮನೆಯನ್ನು ಭಾವಿಸಿಕೊಳ್ಳಬಹುದು. ಭಾದ್ರಪದ ಶುಕ್ಲ ಪಂಚಮಿಗೆ ದಶಲಕ್ಷಣ ಪರ್ವ ಆರಂಭವಾಗಿದೆ. ಓರಗೆಯ ಮಕ್ಕಳು ಅನಂತ ಚತುರ್ದಶಿಯ ಉಪವಾಸಕ್ಕೆ ಸಿದ್ಧರಾಗುತ್ತಿದ್ದಾರೆ. ಹದಿನೈದು ವರ್ಷದ ಹುಡುಗಿ, ತಾನೂ ಮಾಡುವೆನೆಂದು ಹಟ ಹಿಡಿದಿದ್ದಾಳೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುವ ಮಗು ಅದು. ಅಜ್ಜಿ ಕನಿಕರದಿಂದ, “ಉಣ್ಣದೆ ಇದ್ದರೆ ಸೂಜಿಯೂ ಬೇಡವಲ್ಲ, ಕೂಸು ಒಂದು ದಿನವಾದರೂ ಹಾಯಾಗಿರಲಿ” ಎನ್ನುತ್ತಾರೆ. ಮಾತು ಪ್ರೀತಿಯದೇ ಹೌದು. ಆದರೆ ಈ ರೋಗದಲ್ಲಿ ಇದಕ್ಕಿಂತ ಅಪಾಯಕರವಾದ ಮಾತು ಮತ್ತೊಂದಿಲ್ಲ.

ಅದೇಕೆಂಬುದನ್ನು ವಿಚಾರಿಸಬೇಕು. ಹಿರಿಯರಲ್ಲಿ ಸಾಮಾನ್ಯವಾಗಿ ಕಾಣುವ ಸಕ್ಕರೆ ಕಾಯಿಲೆಗೂ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ‘ಟೈಪ್ 1’ ಎಂಬ ಬಗೆಗೂ ವ್ಯತ್ಯಾಸವಿದೆ. ಹಿರಿಯರಲ್ಲಿ ಇನ್ಸುಲಿನ್ ಇದ್ದೂ ಸಾಲದೆ ಹೋಗುವುದು. ಮಕ್ಕಳ ಈ ರೋಗದಲ್ಲಿ ದೇಹದ ರಕ್ಷಣಾಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ನಾಶಮಾಡಿರುತ್ತದೆ. ಮಗು ಸಿಹಿ ಹೆಚ್ಚು ತಿಂದಿತೆಂದಾಗಲಿ, ತಾಯಿ ಬಸಿರಿನಲ್ಲಿ ನೇಮ ತಪ್ಪಿದಳೆಂದಾಗಲಿ ಇದು ಬರುವುದಿಲ್ಲ. ಇನ್ಸುಲಿನ್ ಬೇಕಾಗಿರುವುದು ಉಂಡ ಅನ್ನಕ್ಕೆ ಮಾತ್ರವೂ ಅಲ್ಲ. ಉಣ್ಣದಿದ್ದಾಗಲೂ ಯಕೃತ್ತು ತನ್ನಲ್ಲಿನ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಇನ್ಸುಲಿನ್ ಇಲ್ಲವಾದರೆ ಆ ಸಕ್ಕರೆ ಜೀವಕೋಶಗಳನ್ನು ಹೊಗಲಾರದು. ದೇಹವು ಕೊಬ್ಬನ್ನು ಕರಗಿಸತೊಡಗಿ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುವುವು. ವಾಂತಿ, ಹೊಟ್ಟೆನೋವು, ಹಣ್ಣಿನ ವಾಸನೆಯ ಉಸಿರು, ಏದುಸಿರು, ಬಳಿಕ ಎಚ್ಚರ ತಪ್ಪುವುದು ಇದರ ಲಕ್ಷಣಗಳು. ದಿಗಂಬರ ಸಂಪ್ರದಾಯದ ಪೂರ್ಣ ಉಪವಾಸದಲ್ಲಿ ನೀರೂ ವರ್ಜ್ಯವಾದುದರಿಂದ ಅಪಾಯ ಇನ್ನೂ ಬೇಗನೆ ಬಲಿಯುವುದು. ಇತ್ತ ಇನ್ಸುಲಿನ್ ತೆಗೆದುಕೊಂಡು ಅನ್ನ ಬಿಟ್ಟರೆ ಸಕ್ಕರೆ ತೀರ ಇಳಿದು ಬೆವರು, ನಡುಕ, ಮೂರ್ಛೆ ಬರಬಹುದು. ಉಪವಾಸವು ಈ ಮಕ್ಕಳನ್ನು ಎರಡು ಕಡೆಯಿಂದಲೂ ಇಕ್ಕಟ್ಟಿಗೆ ಸಿಲುಕಿಸುತ್ತದೆ.

ಅನ್ನವನ್ನು ಬಿಡಿಸಿಯೇ ಈ ರೋಗವನ್ನು ತಡೆಯಲು ಯತ್ನಿಸಿದ ಕಾಲವೂ ಒಂದಿತ್ತೆಂಬುದನ್ನು ವ್ರತಾಸಕ್ತರು ತಿಳಿದಿರುವುದು ಒಳ್ಳೆಯದು. 1910ರ ದಶಕದಲ್ಲಿ ಅಮೆರಿಕದ ವೈದ್ಯ ಫ್ರೆಡರಿಕ್ ಆಲೆನ್ ಎಂಬುವರು ಮಧುಮೇಹವುಳ್ಳ ಮಕ್ಕಳಿಗೆ ದೀರ್ಘ ಲಂಘನವನ್ನೇ ಚಿಕಿತ್ಸೆಯಾಗಿ ವಿಧಿಸುತ್ತಿದ್ದರು. ಮಕ್ಕಳು ಕೆಲವು ತಿಂಗಳು ಹೆಚ್ಚು ಬದುಕುತ್ತಿದ್ದರು. ಆದರೆ ಎಲುಬಿನ ಹಂದರವಾಗಿ ಬದುಕುತ್ತಿದ್ದರು. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಅದನ್ನು ಮೊದಲು ಪಡೆದ ಲೆನಾರ್ಡ್ ಥಾಮ್ಸನ್ ಹದಿನಾಲ್ಕು ವರ್ಷದ ಹುಡುಗ. ಆಗ ಅವನ ತೂಕ ಸುಮಾರು 29 ಕಿಲೋ. ಮೊದಲ ಚುಚ್ಚುಮದ್ದು ಸರಿಹೋಗಲಿಲ್ಲ. ಕಾಲಿಪ್ ಎಂಬ ರಸಾಯನಜ್ಞರು ಶುದ್ಧೀಕರಿಸಿಕೊಟ್ಟ ಔಷಧವನ್ನು ಹನ್ನೆರಡು ದಿನಗಳ ತರುವಾಯ ಕೊಟ್ಟಾಗ ಹುಡುಗ ಚೇತರಿಸಿಕೊಂಡನು. ಹದಿಮೂರು ವರ್ಷ ಹೆಚ್ಚಿಗೆ ಬದುಕಿದನು.

ಈಗ ಶಾಸ್ತ್ರದ ಕಡೆಗೆ ಬರಬಹುದು. ಸಮಂತಭದ್ರಾಚಾರ್ಯರ ಕಥೆ ಶ್ರಾವಕರ ಮನೆಗಳಲ್ಲಿ ಪ್ರಸಿದ್ಧವಾದುದೇ. ದೇವಚಂದ್ರನ ರಾಜಾವಳೀ ಕಥೆಯಲ್ಲಿಯೂ ಅದು ಬಂದಿದೆ. ಮುನಿಯಾಗಿದ್ದ ಅವರಿಗೆ ಭಸ್ಮಕ ವ್ಯಾಧಿ ಅಂಟಿತು; ಎಷ್ಟು ಉಂಡರೂ ಹಸಿವು ಹಿಂಗದ ರೋಗ. ಮುನಿಚರ್ಯೆಗೆ ಲೋಪ ಬರುವುದಕ್ಕಿಂತ ಸಲ್ಲೇಖನವೇ ಲೇಸೆಂದು ಅವರು ಗುರುವಿನ ಅಪ್ಪಣೆ ಬೇಡಿದರು. ಗುರು ಒಪ್ಪಲಿಲ್ಲ. ದೀಕ್ಷೆಯನ್ನು ಬದಿಗಿಟ್ಟು, ರೋಗ ಶಮನವಾಗುವಷ್ಟು ಆಹಾರ ಪಡೆದು, ಗುಣವಾದ ಮೇಲೆ ಮರಳಿ ದೀಕ್ಷೆ ಕೈಕೊಳ್ಳಬೇಕೆಂದು ಆದೇಶಿಸಿದರು. ಮಹಾವ್ರತಿಗೇ ಗುರು ಹೀಗೆ ವಿಧಿಸಿರುವಾಗ, ಅಣುವ್ರತಗಳ ಹೊಸ್ತಿಲಿನಲ್ಲಿರುವ ಬಾಲಕ ಬಾಲಕಿಯರ ಮಾತೇನು? ಅದೇ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನಕ್ಕೆ ಯೋಗ್ಯವಾದ ಸಂದರ್ಭಗಳನ್ನು ಹೇಳುವಾಗ ರೋಗಕ್ಕೆ ‘ನಿಃಪ್ರತೀಕಾರ’ ಎಂಬ ಷರತ್ತನ್ನು ಹಾಕಿರುವರು. ಪರಿಹಾರವಿಲ್ಲದ ರೋಗವಾಗಿರಬೇಕು ಎಂದು ಅರ್ಥ. 1922ರ ಮೊದಲು ಮಕ್ಕಳ ಮಧುಮೇಹ ನಿಃಪ್ರತೀಕಾರವೇ ಆಗಿತ್ತು. ಇಂದು ಅಲ್ಲ. ಪ್ರತೀಕಾರ ಕೈಯಲ್ಲಿರುವಾಗ ಅದನ್ನು ಬಿಟ್ಟು ದೇಹವನ್ನು ಕೆಡಿಸಿಕೊಳ್ಳುವುದು ತಪವಾಗದು.

ಹಾಗಾದರೆ ಈ ಮಕ್ಕಳಿಗೆ ತಪವೇ ಇಲ್ಲವೆ? ಬಾಹ್ಯತಪ ಆರು ಬಗೆ. ಅವುಗಳಲ್ಲಿ ಅನಶನ ಒಂದು ಮಾತ್ರ. ಅಷ್ಟಮಿ ಚತುರ್ದಶಿಗಳಲ್ಲಿ ಅದೊಂದನ್ನೇ ಹಿಡಿದು ಉಳಿದ ಐದನ್ನು ಮರೆತಿರುವುದು ಸಮಾಜದ ಅಭ್ಯಾಸವೇ ಹೊರತು ಶಾಸ್ತ್ರದ ಕೊರತೆಯಲ್ಲ. ಅಳೆದು ಉಣ್ಣುವುದು, ಹಸಿವಿನ ಮುಂದೆ ಕೈ ತಡೆಯುವುದು ಅವಮೌದರ್ಯದ ಹಾದಿ. ಇನ್ಸುಲಿನ್ ತೆಗೆದುಕೊಳ್ಳುವ ಮಗು ಪ್ರತಿ ಹೊತ್ತೂ ಅನ್ನದ ಅಳತೆ ನೋಡಿಯೇ ಉಣ್ಣುತ್ತದೆ. ರಸಪರಿತ್ಯಾಗದಲ್ಲಿ ತುಪ್ಪವನ್ನೋ ಉಪ್ಪನ್ನೋ ಒಂದು ದಿನದ ಮಟ್ಟಿಗೆ ಬಿಡಬಹುದು. ಆದರೆ ಸಕ್ಕರೆ ಬೆಲ್ಲಗಳನ್ನು ‘ಸರ್ವಥಾ’ ಎಂದು ಬಿಡುವ ನಿಯಮವನ್ನು ಈ ಮಕ್ಕಳಿಗೆ ಕೊಡಿಸಲೇಬಾರದು. ಅದೇಕೆಂಬುದು ಮುಂದೆ ತಿಳಿಯುವುದು. ಅಂತರಂಗ ತಪಗಳಾದ ಸ್ವಾಧ್ಯಾಯ, ವಿನಯ, ಧ್ಯಾನಗಳಿಗೆ ಅನ್ನದ ತಡೆಯೇ ಇಲ್ಲ. ಏಕಾಶನ ಮಾಡಿಸಬೇಕೆಂದಿದ್ದರೆ ಒಂದು ವಾರ ಮೊದಲೇ ವೈದ್ಯರನ್ನು ಕಂಡು, ದೀರ್ಘಕಾಲದ ಇನ್ಸುಲಿನ್ ಎಷ್ಟು, ಊಟಕ್ಕೆ ಮುಂಚಿನದು ಎಷ್ಟು, ಯಾವ ಅಂಕಿ ಕಂಡರೆ ವ್ರತ ನಿಲ್ಲಿಸಬೇಕು ಎಂಬುದನ್ನು ಬರೆಸಿಕೊಂಡು ಬರಬೇಕು. ಅವರು ಬೇಡವೆಂದರೆ ಅಲ್ಲಿಗೆ ಮುಗಿಯಿತು.

ರಾತ್ರಿಭೋಜನ ತ್ಯಾಗದ ವಿಷಯ ಹೆಚ್ಚು ಸೂಕ್ಷ್ಮವಾದುದು, ಏಕೆಂದರೆ ಇದು ವರ್ಷಕ್ಕೊಮ್ಮೆ ಬರುವ ಪ್ರಶ್ನೆಯಲ್ಲ, ಪ್ರತಿದಿನದ್ದು. ಬೆಂಗಳೂರಿನಲ್ಲಿ ನವೆಂಬರಿನಲ್ಲಿ ಸುಮಾರು 5-50ಕ್ಕೆ ಸೂರ್ಯಾಸ್ತ. ಜುಲೈನಲ್ಲಿ 6-50ರ ಸುಮಾರು. ಊಟದ ಹೊತ್ತು ವರ್ಷದಲ್ಲಿ ಒಂದು ಗಂಟೆಯಷ್ಟು ಹಿಂದು ಮುಂದಾಗುವುದು. ಸಂಜೆ ಉಂಡ ಮೇಲೆ ಬೆಳಗಿನವರೆಗೆ ಹನ್ನೆರಡು ಗಂಟೆಗೂ ಮಿಕ್ಕಿ ಏನೂ ಇಲ್ಲ. ಸಂಜೆ ಚುಚ್ಚಿದ ಮಧ್ಯಮ ಅವಧಿಯ ಇನ್ಸುಲಿನ್ನಿನ ಬಲ ನಡುರಾತ್ರಿಯಲ್ಲಿಯೇ ಉಚ್ಚವಾಗುವುದುಂಟು. ಆದುದರಿಂದ ತಮ್ಮದು ಸೂರ್ಯಾಸ್ತಕ್ಕೆ ಮೊದಲು ಉಣ್ಣುವ ಮನೆಯೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ರಾತ್ರಿ ಎಂಟೂವರೆಯ ಊಟಕ್ಕೆ ಹೊಂದುವ ಮದ್ದನ್ನು ಅವರು ಬರೆದುಕೊಡುವರು.

ರಕ್ತದ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಗಂಟೆ ಎಷ್ಟೇ ಆಗಿರಲಿ, 15 ಗ್ರಾಂ, ಅಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಡಬೇಕು. ಹದಿನೈದು ನಿಮಿಷ ಕಳೆದು ಮತ್ತೆ ಪರೀಕ್ಷಿಸಬೇಕು. ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ನಡುರಾತ್ರಿಯ ಈ ಸಕ್ಕರೆ ನೀರು ಆಹಾರವೇ ಔಷಧವೇ? ಪ್ರಾಣ ಉಳಿಸಲು ಅಳತೆಯಿಂದ, ರುಚಿಯ ಬಯಕೆಯಿಲ್ಲದೆ ಸೇವಿಸಿದುದು ಔಷಧವೇ. ಔಷಧ ಮತ್ತು ನೀರನ್ನು ಹೊರತುಪಡಿಸಿ ಎಂದು ಹೇಳಿ ಗೃಹಸ್ಥರು ರಾತ್ರಿ ನಿಯಮ ತೆಗೆದುಕೊಳ್ಳುವ ರೂಢಿ ಇದ್ದೇ ಇದೆ. ಆ ಮಾತನ್ನು ನಿಯಮ ಪಡೆಯುವಾಗಲೇ ಸ್ಪಷ್ಟವಾಗಿ ನುಡಿಸಿದರೆ ಮಗುವಿಗೆ ವ್ರತಭಂಗದ ಅಳುಕು ಉಳಿಯದು. ಅಳುಕಿನಿಂದ ಬೆಳಗಿನವರೆಗೆ ಸುಮ್ಮನೆ ಮಲಗಿಬಿಡುವ ಮಗುವಿನ ವಿಚಾರವಾಗಿಯೇ ಇಷ್ಟು ಹೇಳಬೇಕಾಯಿತು. ಇಂಥ ಸಮಯಕ್ಕೆ ಜೇನುತುಪ್ಪ ಕೊಡಬಹುದೆಂದು ಸೂಚನಾ ಪತ್ರಗಳಲ್ಲಿ ಅಚ್ಚಾಗಿರುತ್ತದೆ. ಮಧು ಮೂಲಗುಣಗಳಿಗೆ ವಿರುದ್ಧ. ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಅದೇ ಕೆಲಸವನ್ನು ಮಾಡುವುದು. ಆಹಾರದ ಪಟ್ಟಿಯಲ್ಲಿ ಕ್ಯಾರೆಟ್ಟು, ಮೂಲಂಗಿ ಕಂಡರೆ ಸೌತೆ, ಹೀರೆ, ಪಡವಲ, ಹಾಗಲಗಳನ್ನು ಆ ಜಾಗಕ್ಕೆ ತರಬಹುದು. ಪರ್ವದಲ್ಲಿ ಹಸಿರು ತರಕಾರಿ ಬಿಡುವ ಮನೆಗಳಲ್ಲಿ ತಟ್ಟೆಯಲ್ಲಿ ಅನ್ನವೇ ಹೆಚ್ಚಾಗಿ ಸಕ್ಕರೆ ಏರುವುದೆಂಬುದೂ ನೆನಪಿರಲಿ.

ಇನ್ಸುಲಿನ್ ಹಿಂಸೆಯಿಂದ ಬಂದುದಲ್ಲವೆ ಎಂದು ಕೇಳುವವರಿದ್ದಾರೆ. ಬಹುಕಾಲ ಅದನ್ನು ದನ ಮತ್ತು ಹಂದಿಗಳ ಗ್ರಂಥಿಯಿಂದಲೇ ತೆಗೆಯುತ್ತಿದ್ದುದು ನಿಜ. 1982ರಲ್ಲಿ ಸೂಕ್ಷ್ಮಜೀವಿಗಳ ಮೂಲಕ ತಯಾರಾದ ಮಾನವ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. 2004ರಲ್ಲಿ ಬೆಂಗಳೂರಿನದೇ ಆದ ಬಯೋಕಾನ್ ಸಂಸ್ಥೆ ಒಂದು ಬಗೆಯ ಯೀಸ್ಟಿನಲ್ಲಿ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಇಂದು ಅಂಗಡಿಗಳಲ್ಲಿ ದೊರೆಯುವುದು ಬಹುಮಟ್ಟಿಗೆ ಈ ಬಗೆಯದೇ. ಸಂದೇಹವಿದ್ದವರು ಕೇಳಿಯೇ ಕೊಳ್ಳಬಹುದು. ಸೂಕ್ಷ್ಮಜೀವಿಗಳ ಹಿಂಸೆಯಾದರೂ ಇದೆಯಲ್ಲ ಎಂದರೆ, ಗೃಹಸ್ಥನ ಅಣುವ್ರತ ತ್ರಸಜೀವಿಗಳ ಸಂಕಲ್ಪೀ ಹಿಂಸೆಯ ತ್ಯಾಗವೆಂಬುದನ್ನು ನೆನೆಯಬೇಕು. ಜನ್ನನ ಯಶೋಧರ ಚರಿತೆಯಲ್ಲಿ ಅರಸನು ಬಲಿ ಕೊಟ್ಟುದು ಹಿಟ್ಟಿನ ಕೋಳಿ; ಜೀವವೇ ಇಲ್ಲದ ವಸ್ತು. ಆದರೂ ಕೊಲ್ಲುವ ಸಂಕಲ್ಪದಿಂದಲೇ ಜನ್ಮಜನ್ಮಾಂತರದ ದುಃಖ ಬಂದೊದಗಿತು. ಸಂಕಲ್ಪದ ತೂಕ ಅಷ್ಟು. ಮಗುವಿನ ಜೀವ ಉಳಿಸುವ ತಾಯಿಯ ಕೈಯಲ್ಲಿರುವ ಸೂಜಿಗೆ ಕೊಲ್ಲುವ ಸಂಕಲ್ಪ ಎಲ್ಲಿಯದು?

ಹದಿಹರೆಯದಲ್ಲಿ ಬೆಳವಣಿಗೆಯ ಸ್ರಾವಗಳಿಂದ ಇನ್ಸುಲಿನ್ನಿನ ಬೇಡಿಕೆ ಏರುವುದು ಸಹಜ. ಮಗು ಕದ್ದು ತಿಂದಿತೆಂದು ಗದರಿಸುವ ಮುನ್ನ ಇದನ್ನು ತಿಳಿದಿರಬೇಕು. ಪರೀಕ್ಷಾ ಕೊಠಡಿಗೆ ಸಕ್ಕರೆಯ ಗುಳಿಗೆ, ಹಣ್ಣು ಒಯ್ಯಲು ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು 2017ರಲ್ಲಿಯೇ ಅನುಮತಿ ನೀಡಿದೆ. ಜಯನಗರದ ಸಮೀಪದಲ್ಲಿಯೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇದೆ. ಮದುವೆಯ ಮಾತು ಕೆಡುವುದೆಂದು ಹೆಣ್ಣುಮಕ್ಕಳ ರೋಗವನ್ನು ಮುಚ್ಚಿಡುವ ಮನೆಗಳಲ್ಲಿ ಆ ಹುಡುಗಿ ನೆಂಟರ ಮುಂದೆ ಮದ್ದು ತಪ್ಪಿಸುತ್ತಾಳೆ. ಇದು ಉಪವಾಸಕ್ಕಿಂತಲೂ ಹೆಚ್ಚು ಹಾನಿ ಮಾಡತಕ್ಕ ಸಂಗತಿ.

ಶ್ರವಣಬೆಳಗೊಳಕ್ಕೆ ಕರೆದೊಯ್ಯುವವರು ಮತ್ತೊಂದನ್ನು ಗಮನಿಸಬೇಕು. ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಿಲು ಹತ್ತುವಾಗ ಸಕ್ಕರೆ ಬೇಗನೆ ಇಳಿಯುವುದು. ಹತ್ತುವ ಮೊದಲು ಪರೀಕ್ಷಿಸಿ, ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಂಡು, ಬಂಡೆ ಕಾಯುವ ಮುನ್ನ ಬೆಳಗಿನಲ್ಲಿಯೇ ಹತ್ತಿ ಇಳಿದು, ಅಂಗಾಲು ನೋಡಿಕೊಳ್ಳಬೇಕು. ಇನ್ಸುಲಿನ್ ಸೀಸೆಯನ್ನು ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಟ್ಟು ಹೋಗಬಾರದು. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಕುಡಿಕೆಯಲ್ಲಿ ನೀರು ತಾಗದಂತೆ ಇರಿಸಿ ನೆರಳಿನಲ್ಲಿಟ್ಟರೆ ಒಂದು ದಿನದ ಯಾತ್ರೆಗೆ ಸಾಕಾಗುವುದು.