ಒಂದು ಪುಸ್ತಕ ಅಚ್ಚಾದ ಕಥೆ

ಪುಸ್ತಕ ಬರೆಯುವವರು ಲೇಖಕರು. ಅದನ್ನು ಅಚ್ಚು ಹಾಕಿಸಿ ಊರೂರಿಗೆ ಕಳಿಸುವವರು ಯಾರು? ಅವರೇ ಪ್ರಕಾಶಕರು. ಕಾಗದ ಕೊಳ್ಳಬೇಕು. ಅಚ್ಚು ಹಾಕಿಸಬೇಕು. ರಟ್ಟು ಕಟ್ಟಿಸಬೇಕು. ಇದಕ್ಕೆಲ್ಲ ಮೊದಲೇ ಹಣ ಬೇಕು. ಪುಸ್ತಕ ಮಾರಾಟ ಆಗದಿದ್ದರೆ ಹಾಕಿದ ಹಣ ಹೋಯ್ತು!

ಜಾನ್ ಜೂವೆಟ್ ಅಂಥ ಒಬ್ಬ ಪ್ರಕಾಶಕರು. ಹುಟ್ಟಿದ್ದು 1814ರಲ್ಲಿ. ಅವರ ಅಂಗಡಿ ಅಮೆರಿಕದ ಬಾಸ್ಟನ್ ನಗರದಲ್ಲಿತ್ತು.

ಆಗ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಗುಲಾಮಗಿರಿ ಇತ್ತು. ಆಫ್ರಿಕಾ ಮೂಲದ ಜನರನ್ನು ದನಗಳ ಹಾಗೆ ಮಾರುತ್ತಿದ್ದರು. ತಾಯಿ ಒಂದು ಕಡೆ, ಮಗು ಒಂದು ಕಡೆ. ಗುಲಾಮರಿಗೆ ಓದು ಕಲಿಸುವುದು ಅಲ್ಲಿನ ಹಲವು ರಾಜ್ಯಗಳಲ್ಲಿ ಅಪರಾಧ. ಯಾಕೆ ಗೊತ್ತಾ? ಓದು ಬಂದವರು ಎದ್ದು ನಿಲ್ಲುತ್ತಾರೆ ಅನ್ನುವ ಭಯ!

ಹ್ಯಾರಿಯೆಟ್ ಬೀಚರ್ ಸ್ಟೋ ಎಂಬ ಮಹಿಳೆ ಈ ಅನ್ಯಾಯದ ಬಗ್ಗೆ ಕಥೆ ಬರೆದರು. ಹೆಸರು ‘ಅಂಕಲ್ ಟಾಮ್ಸ್ ಕ್ಯಾಬಿನ್’. ಅಂದರೆ ಟಾಮ್ ಮಾಮನ ಗುಡಿಸಲು. 1851ರಿಂದ ಅದು ಒಂದು ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ಅದನ್ನು ಪುಸ್ತಕ ಮಾಡಲು ಬಾಸ್ಟನ್ನಿನ ಇನ್ನೊಂದು ಸಂಸ್ಥೆ ಒಪ್ಪಲಿಲ್ಲ. ದಕ್ಷಿಣದ ಗಿರಾಕಿಗಳು ತಪ್ಪಿಹೋಗುತ್ತಾರೆ ಎಂಬ ಹೆದರಿಕೆ. ಜೂವೆಟ್ ಗುಲಾಮಗಿರಿಯ ವಿರೋಧಿ. ಅವರು ಒಪ್ಪಿದರು.

ಅರ್ಧ ಖರ್ಚು ನಿಮ್ಮದು, ಅರ್ಧ ಲಾಭವೂ ನಿಮ್ಮದು ಅಂದರು. ಸ್ಟೋ ಅವರ ಮನೆಯಲ್ಲಿ ಅಷ್ಟು ಹಣ ಇರಲಿಲ್ಲ. ಕೊನೆಗೆ ಮಾರಾಟದಲ್ಲಿ ನೂರಕ್ಕೆ ಹತ್ತು ಕೊಡುವ ಕರಾರಾಯಿತು.

1852ರ ಮಾರ್ಚ್ 20ರಂದು ಪುಸ್ತಕ ಹೊರಬಂತು. ಮೊದಲು ಅಚ್ಚಾದದ್ದು 5,000 ಪ್ರತಿ. ಕೆಲವೇ ದಿನಗಳಲ್ಲಿ ಖಾಲಿ! ಅಚ್ಚಿನ ಯಂತ್ರಗಳು ಹಗಲು ರಾತ್ರಿ ಓಡಿದವು. ಒಂದು ವರ್ಷದಲ್ಲಿ ಅಮೆರಿಕದಲ್ಲೇ ಸುಮಾರು 3 ಲಕ್ಷ ಪ್ರತಿ ಹೋದವು.

ಬಟ್ಟೆ ರಟ್ಟಿನ ಪುಸ್ತಕಕ್ಕೆ ಒಂದೂವರೆ ಡಾಲರ್. ಅಂದರೆ 150 ಸೆಂಟ್. ಬಡವರು ಕೊಳ್ಳುವುದು ಹೇಗೆ? ಜೂವೆಟ್ ಅಗ್ಗದ ಪುಸ್ತಕವನ್ನೂ ತಂದರು. ಬೆಲೆ 37½ ಸೆಂಟ್.

1857ರಲ್ಲಿ ಅಮೆರಿಕದಲ್ಲಿ ಬ್ಯಾಂಕುಗಳು ಮುಗ್ಗರಿಸಿದವು. ವ್ಯಾಪಾರ ಬಿದ್ದುಹೋಯಿತು. ಜೂವೆಟ್ ಅವರ ಸಂಸ್ಥೆಯೂ ಉಳಿಯಲಿಲ್ಲ. 1884ರಲ್ಲಿ ಅವರು ತೀರಿಕೊಂಡರು. ಆದರೆ ಪುಸ್ತಕ ನಿಲ್ಲಲಿಲ್ಲ. ಬೇರೆಯವರು ಅಚ್ಚು ಹಾಕುತ್ತಲೇ ಹೋದರು.

1861ರಿಂದ 1865ರವರೆಗೆ ಅಮೆರಿಕದ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ನಡೆಯಿತು. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಇದು ಒಂದೇ ಪುಸ್ತಕದಿಂದ ಆದದ್ದಲ್ಲ. ಗುಲಾಮರು ತಾವೇ ಹೋರಾಡಿದರು. ಸಾವಿರಾರು ಜನ ಪ್ರಾಣ ಕೊಟ್ಟರು. ಆದರೂ ಜನರ ಮನಸ್ಸು ತಿರುಗಿಸಿದ್ದರಲ್ಲಿ ಆ ಪುಸ್ತಕದ ಪಾಲೂ ಇದೆ.

ಹೇಳಿ ನೋಡೋಣ

1. ಪ್ರಕಾಶಕರ ಕೆಲಸ ಏನೇನು?
2. ಗುಲಾಮರು ಓದು ಕಲಿತರೆ ಒಡೆಯರಿಗೆ ಯಾಕೆ ಭಯ?
3. ಒಂದೂವರೆ ಡಾಲರಿಗೆ ಅಗ್ಗದ ಪುಸ್ತಕ ಎಷ್ಟು ಬರುತ್ತಿದ್ದವು? ಲೆಕ್ಕ ಮಾಡಿ.