ಬಳಸುವವರಿಗೆ ಒಳಗುಟ್ಟೂ ಗೊತ್ತಿರಲಿ

ದುಡಿದ ದುಡ್ಡು ಸೋರಿಹೋಗುವುದು ಹೆಚ್ಚಾಗಿ ನಾವು ಎಂದೂ ಒಳಗೆ ಇಣುಕದ ಡಬ್ಬಿಗಳಲ್ಲಿ: ಸ್ಟಾರ್ಟರ್, ತೂಕದ ಯಂತ್ರ, ಮೊಬೈಲು. ರಿಪೇರಿಯನ್ನೇ ಕಲಿಯಬೇಕೆಂದಿಲ್ಲ. ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿದಿದ್ದರೆ ಸಾಕು.

1. ಆಂಪ್ ಮೀಟರಿನ ಮುಳ್ಳು ಓದಿ

ನಾಗಮಂಗಲದ ಕಡೆ ನಾಲೆ ನೀರು ತಲುಪದ ಊರುಗಳಿಗೆ ಬೋರ್‌ವೆಲ್ಲೇ ಗತಿ. ಪ್ಯಾನಲ್ ಬೋರ್ಡಿನ ಮುಳ್ಳು ದಿನಾ ಎಲ್ಲಿ ನಿಲ್ಲುತ್ತದೆ ಎಂದು ನೆನಪಿಟ್ಟುಕೊಳ್ಳಿ. ಇಳಿಯಿತೇ? ನೀರು ಕಮ್ಮಿಯಾಗಿ ಪಂಪು ಗಾಳಿ ಎಳೆಯುತ್ತಿರಬಹುದು. ಏರಿತೇ? ವೋಲ್ಟೇಜ್ ಬಿದ್ದಿರಬಹುದು, ಇಲ್ಲವೇ ಬೇರಿಂಗ್ ಹಿಡಿದಿರಬಹುದು. ಮೂರು ಫೇಸಿನಲ್ಲಿ ಒಂದು ಹೋದರೆ ಇಡೀ ಭಾರ ಉಳಿದೆರಡರ ಮೇಲೆ ಬಿದ್ದು ವೈಂಡಿಂಗ್ ಸುಡುತ್ತದೆ. ಅದನ್ನು ತಡೆಯಲೆಂದೇ ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಇರುವುದು. ಪದೇಪದೇ ಟ್ರಿಪ್ ಆಗುತ್ತದೆಂದು ಅದರ ಡಯಲ್ ಏರಿಸುವವರಿದ್ದಾರೆ. ರಿಲೇಯನ್ನೇ ಕಿತ್ತು ನೇರ ವೈರ್ ಕೊಡುವ ಮಹಾನುಭಾವರೂ ಇದ್ದಾರೆ; ರಿವೈಂಡಿಂಗ್ ಅಂಗಡಿಗಳ ಅನ್ನದಾತರು ಇವರೇ. ಮೋಟರಿನ ನೇಮ್‌ಪ್ಲೇಟಿನಲ್ಲಿ ಎಷ್ಟು ಆಂಪ್ ಇದೆ, ಡಯಲ್ ಎಷ್ಟಕ್ಕಿದೆ? ಮೆಕ್ಯಾನಿಕ್‌ಗೆ ಇದಿಷ್ಟು ಕೇಳಿ. ಡಬ್ಬಿ ತೆರೆಯುವ ಮುನ್ನ ಮಾತ್ರ ಮೇನ್ ಆಫ್ ಇರಲಿ.

2. ಕಟ್ಟೆಯ ಲೆಕ್ಕ ನೀವೇ ಹಾಕಿ

ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ ಸುಮಾರು 49 ಟಿಎಂಸಿ. ಹಾಗೆಂದು ನೂರು ಅಡಿ ಇದೆ ಎಂದರೆ ಮುಕ್ಕಾಲು ತುಂಬಿದೆ ಎಂದಲ್ಲ, ಅರ್ಧವೂ ಇರುವುದಿಲ್ಲ. ಮೇಲೆ ಹೋದಷ್ಟೂ ಕಟ್ಟೆ ಅಗಲ, ಮೇಲಿನ ಒಂದೊಂದು ಅಡಿಯೂ ಭಾರಿ. ಇನ್ನೊಂದು ಲೆಕ್ಕ: 11,574 ಕ್ಯುಸೆಕ್‌ನಂತೆ ಒಂದು ದಿನ ಹರಿದರೆ ಒಂದು ಟಿಎಂಸಿ. ಇಷ್ಟು ಗೊತ್ತಿದ್ದರೆ ಪತ್ರಿಕೆಯ ಒಳಹರಿವು, ಹೊರಹರಿವಿನ ಅಂಕಿ ನೋಡಿಯೇ ಎರಡನೇ ಬೆಳೆಗೆ ಕೈ ಹಾಕಬೇಕೋ ಬೇಡವೋ ಎಂದು ಅಂದಾಜಿಸಬಹುದು.

3. ಕಬ್ಬಿನ ಬಿಲ್ಲಿನಲ್ಲಿ ಇಳುವರಿ ನೋಡಿ

ಪಾಂಡವಪುರದ ರೈತನಿಗೆ ಟನ್ ಲೆಕ್ಕ ಬಾಯಿಪಾಠ. ಆದರೆ ಎಫ್‌ಆರ್‌ಪಿ, ಅಂದರೆ ಸರ್ಕಾರ ಗೊತ್ತುಮಾಡುವ ಕಬ್ಬಿನ ಬೆಲೆ, ನಿಂತಿರುವುದು ಕಬ್ಬಿನಿಂದ ಇಳಿಯುವ ಸಕ್ಕರೆಯ ಪ್ರಮಾಣದ ಮೇಲೆ. 2025-26ರ ಸಾಲಿಗೆ ಶೇ 10.25 ಇಳುವರಿಗೆ ಟನ್ನಿಗೆ 3,550 ರೂಪಾಯಿ. ಅದಕ್ಕಿಂತ ಮೇಲೆ ಪ್ರತಿ ಶೇ 0.1 ಹೆಚ್ಚಿದರೆ 34 ರೂಪಾಯಿ 60 ಪೈಸೆ ಸೇರುತ್ತದೆ. ಕಡಿದ ಕಬ್ಬು ಲಾರಿಯಲ್ಲೇ ಒಣಗಿದರೆ ತೂಕವೂ ಹೋಯಿತು, ಸಕ್ಕರೆಯೂ ಹೋಯಿತು. ಮತ್ತೆ, ಗಾಡಿ ತೂಕದ ಯಂತ್ರ ಹತ್ತುವ ಮುನ್ನ ಅದರ ಪರದೆ ಸೊನ್ನೆ ತೋರಿಸುತ್ತಿದೆಯೇ?

4. ಹಣ ಬರಲು ಪಿನ್ ಬೇಡ

ಯುಪಿಐ ಪಿನ್ ಒತ್ತಿದರೆ ಹಣ ನಿಮ್ಮ ಖಾತೆಯಿಂದ ಹೋಗುತ್ತದೆ, ಬರುವುದಿಲ್ಲ. ಕೆ.ಆರ್. ಪೇಟೆ ಸಂತೆಯ ವ್ಯಾಪಾರಿಗೆ ಈ ಒಂದು ಸಾಲು ಸಾಕು. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ಬರೀ ಚಿತ್ರ. ನಿಮ್ಮ ಖಾತೆ ನೋಡಿಯೇ ಮಾಲು ಕೊಡಿ.

5. ಬಿಚ್ಚುವವರನ್ನು ಬೈಯಬೇಡಿ

ಮೈಸೂರು ಸೈನ್ಯದ ರಾಕೆಟ್ ದೂರ ಹಾರುತ್ತಿದ್ದುದು ಮದ್ದಿನ ಮಹಿಮೆಯಿಂದಷ್ಟೇ ಅಲ್ಲ. ಕಾಗದದ ಬದಲು ಕಬ್ಬಿಣದ ಕೊಳವೆ ಬಳಸಿದ್ದರಿಂದ ಅದು ಒಳಗಿನ ಒತ್ತಡವನ್ನು ಹೆಚ್ಚು ತಾಳುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಇಂಥ ರಾಕೆಟ್‌ಗಳನ್ನು ಇಂಗ್ಲೆಂಡಿಗೆ ಒಯ್ದರು. ಇವುಗಳ ಪ್ರೇರಣೆಯಿಂದ ಅಲ್ಲಿನ ವಿಲಿಯಂ ಕಾಂಗ್ರೀವ್ ತನ್ನದೇ ರಾಕೆಟ್ ರೂಪಿಸಿದ, 1806ರಲ್ಲಿ ಅವು ಫ್ರಾನ್ಸಿನ ಬೂಲೋನ್ ಮೇಲೆ ಬಿದ್ದವು. ನಮ್ಮ ಮಣ್ಣಿನ ವಿದ್ಯೆಗೆ ಹೆಸರು ಬಂದಿದ್ದು ಕಾಂಗ್ರೀವನದು. ಒಳಗುಟ್ಟು ಅರಿತವರಿಗೇ ಹೆಸರು. ಹಾಗಾಗಿ ನಿಮ್ಮ ಮನೆಯ ಹುಡುಗಿ ಹಳೇ ಮಿಕ್ಸಿ ಬಿಚ್ಚಲು ಕೂತರೆ ಪ್ಲಗ್ ಕಿತ್ತಿದೆಯೇ ನೋಡಿ, ಸ್ಕ್ರೂ ಹಾಕಿಡಲು ಒಂದು ತಟ್ಟೆ ಕೊಡಿ.